ಕಲ್ಲುಕಟ್ಟೆಯ ಮೇಲೊಂದು ತೋಟ

ನಮ್ಮ ಸಂಘದಲ್ಲಿ ಗಿಡ ಬೆಳೆಸುವ ಹುಚ್ಚಿರುವ ಏಳೆಂಟು ಮಂದಿಯ ಒಂದು ಗುಂಪಿದೆ. ಯಾರ ಬಾಲ್ಕನಿಯಲ್ಲಿ ಬಸಳೆ ಚಿಗುರಿತು, ಯಾರ ತಾರಸಿಯ ಹರಿವೆಗೆ ಹುಳ ಬಿತ್ತು, ಯಾರ ಕರಿಬೇವು ಎಲೆ ಉದುರಿಸಿತು ಎನ್ನುವುದೇ ನಮ್ಮ ಮಾತುಕತೆ. ಬೇಸಿಗೆಯಲ್ಲಿ 45 ಡಿಗ್ರಿ ದಾಟುವ ಮಸ್ಕತ್‌ನಲ್ಲಿ ಒಂದು ಕುಂಡದ ಗಿಡ ಉಳಿಸಿಕೊಳ್ಳುವುದೆಂದರೆ ಹಸುಗೂಸು ಸಾಕಿದ ಹಾಗೆ. ರಜೆಯಲ್ಲಿ ಊರಿಗೆ ಹೋಗುವಾಗ ಮನೆಯ ಕೀಲಿಕೈ ಕೊಡುವುದು ಕೂಡ ಗಿಡಕ್ಕೆ ನೀರು ಹಾಕುವವರ ಕೈಗೇ.

ಕಳೆದ ಏಪ್ರಿಲ್ ತಿಂಗಳ ಒಂದು ಶುಕ್ರವಾರ ಈ ಗುಂಪಿನ ಏಳು ಮಂದಿ ಎರಡು ಗಾಡಿಗಳಲ್ಲಿ ಜಬಲ್ ಅಖ್ದರ್ ಹತ್ತಿದೆವು. ಒಬ್ಬರ ತೋಟವನ್ನು ಇನ್ನೊಬ್ಬರು ನೋಡಲು ಹೋಗುವುದು ನಮ್ಮ ರೂಢಿ. ಈ ಸಲ ನೂರಾರು ವರ್ಷ ಹಳೆಯ ತೋಟವೊಂದನ್ನು ನೋಡಿಬರೋಣ ಎಂದು ಹೊರಟೆವು. ನಾನು ಇತಿಹಾಸ ಓದಿದವನಲ್ಲ. ಫಾರ್ಮಸಿ ಡಿಪ್ಲೊಮಾ ಮುಗಿಸಿ ಈ ದೇಶಕ್ಕೆ ಬಂದವನು, ಆಸ್ಪತ್ರೆಯ ಔಷಧಿ ಕೌಂಟರಿನ ಹಿಂದೆ ವರ್ಷಗಳನ್ನು ಕಳೆದವನು. ಆದರೆ ಆ ಬೆಟ್ಟದ ಕಲ್ಲುಕಟ್ಟೆಗಳನ್ನು ನೋಡಿ ಬಂದ ಮೇಲೆ ಅವುಗಳ ಚರಿತ್ರೆ ಹುಡುಕಿ ಓದದೆ ಇರಲಾಗಲಿಲ್ಲ. ಓದಿದ್ದನ್ನೂ ಕಂಡದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಬಾಳೆಯ ಕೊಳದಿಂದ ಗುಲಾಬಿಯ ಬೆಟ್ಟಕ್ಕೆ

ಜಬಲ್ ಅಖ್ದರ್ ಎಂದರೆ ಹಸಿರು ಬೆಟ್ಟ. ಒಮಾನಿನ ಉತ್ತರದಲ್ಲಿ ಹಬ್ಬಿರುವ ಹಜರ್ ಪರ್ವತಸಾಲಿನ ನಡುಭಾಗ ಅದು. ಕೆಳಗಿನಿಂದ ನೋಡಿದರೆ ಹಸಿರು ಎಲ್ಲಿ ಎಂದು ಕೇಳಬೇಕಾಗುತ್ತದೆ. ಕಾಣುವುದೆಲ್ಲ ಬೋಳು ಸುಣ್ಣದ ಕಲ್ಲು. ಮಸ್ಕತ್‌ನಿಂದ ಎರಡು ಗಂಟೆಯೊಳಗೆ ಬೆಟ್ಟದ ಬುಡದ ಬಿರ್ಕತ್ ಅಲ್ ಮೌಜ್ ಸಿಗುತ್ತದೆ. ಬಿರ್ಕಾ ಎಂದರೆ ಕೊಳ, ಮೌಜ್ ಎಂದರೆ ಬಾಳೆ. ಹೆಸರಿಗೆ ತಕ್ಕಂತೆ ಖರ್ಜೂರದ ಮರಗಳ ನೆರಳಿನಲ್ಲಿ ಬಾಳೆ ನಿಂತಿದೆ. ಅವಕ್ಕೆ ನೀರು ಕೊಡುವುದು ಫಲಜ್ ಅಲ್ ಖತ್ಮೈನ್ ಎಂಬ ಪುರಾತನ ಕಾಲುವೆ. ಊರೊಳಗೆ ಅದು ಮೂರು ಸಮಪಾಲಾಗಿ ಒಡೆದು ಹರಿಯುತ್ತದೆ.

ಅಲ್ಲಿಂದ ಮೇಲಕ್ಕೆ ಪೊಲೀಸ್ ಚೆಕ್‌ಪೋಸ್ಟ್ ದಾಟಿ ಹೋಗಬೇಕು. ಫೋರ್ ವೀಲ್ ಗಾಡಿಗಳಿಗೆ ಮಾತ್ರ ಅನುಮತಿ. ತಿರುವುಗಳ ಮೇಲೆ ತಿರುವು ಹತ್ತಿ ಸೈಕ್ ಪ್ರಸ್ಥಭೂಮಿ ತಲುಪಿದಾಗ ಎತ್ತರ ಸುಮಾರು 2,000 ಮೀಟರ್. ಗಾಡಿಯ ಏಸಿ ಆರಿಸಿ ಕಿಟಕಿ ಇಳಿಸಿದೆವು. ನಮ್ಮ ಗುಂಪಿನ ಹಿರಿಯರಾದ ಅಕ್ಕ ಒಬ್ಬರು ಸೀರೆಯ ಸೆರಗು ಹೊದ್ದುಕೊಂಡು, "ಇದು ನಮ್ಮ ಮಡಿಕೇರಿಯ ಗಾಳಿಯ ಹಾಗುಂಟಲ್ಲ ಮಾರಾಯ್ರೇ" ಎಂದರು.

ಪ್ರಸ್ಥಭೂಮಿಯ ಅಂಚಿನಲ್ಲಿ ಅಲ್ ಅಕ್ರ್, ಅಲ್ ಐನ್, ಶರೈಜಾ ಎಂಬ ಹಳ್ಳಿಗಳು ಒಂದರ ಪಕ್ಕ ಒಂದು ಕೂತಿವೆ. ಕೆಳಗೆ ಪ್ರಪಾತ. ಮನೆಗಳ ಪಾದದಿಂದ ಶುರುವಾಗಿ ಪ್ರಪಾತದ ಅಂಚಿನವರೆಗೆ ಮೆಟ್ಟಿಲು ಮೆಟ್ಟಿಲಾಗಿ ತೋಟ. ಒಂದೊಂದು ಮೆಟ್ಟಿಲು ಎಷ್ಟು ಅಗಲವೆಂದರೆ, ಕೆಲವು ಕಡೆ ಒಂದು ಸಾಲು ದಾಳಿಂಬೆ ಮಾತ್ರ ಹಿಡಿಯುತ್ತದೆ. ನಮ್ಮಲ್ಲೊಬ್ಬರು ಅಳೆದು ನೋಡಿ, "ನನ್ನ ಬಾಲ್ಕನಿಯೇ ಇದಕ್ಕಿಂತ ದೊಡ್ಡದು" ಎಂದು ನಗಾಡಿದರು.

ಎತ್ತರ ಬದಲಾದಂತೆ ಬೆಳೆಯೂ ಬದಲಾಗುತ್ತದೆ. ಮೇಲಿನ ಹಳ್ಳಿಗಳಲ್ಲಿ ಗುಲಾಬಿ, ದಾಳಿಂಬೆ, ಏಪ್ರಿಕಾಟ್, ಪೀಚ್, ಅಕ್ರೋಟು. ಕೆಳಗೆ ಇಳಿದಂತೆ ಲಿಂಬೆ, ಬಾಳೆ, ಖರ್ಜೂರ. ಮೇಲಿನ ಹಣ್ಣಿನ ಮರಗಳಿಗೆ ಚಳಿಗಾಲದ ತಂಪು ಇಷ್ಟು ಗಂಟೆ ಸಿಗಲೇಬೇಕು, ಇಲ್ಲದಿದ್ದರೆ ಸರಿಯಾಗಿ ಹೂ ಬಿಡುವುದಿಲ್ಲ. 1983ರಿಂದೀಚೆಗೆ ಈ ಬೆಟ್ಟದಲ್ಲಿ ಆ ತಂಪಿನ ಗಂಟೆಗಳು ಕಡಿಮೆಯಾಗುತ್ತ ಬಂದಿವೆ ಎಂದು ಜರ್ಮನ್ ಕೃಷಿ ವಿಜ್ಞಾನಿಗಳು 2009ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳುತ್ತದೆ. ಕಲ್ಲುಬೆಟ್ಟದ ತೋಟಕ್ಕೆ ಬಂದಿರುವ ಆಪತ್ತುಗಳಲ್ಲಿ ಇದೂ ಒಂದು.

ಹೊತ್ತು ತಂದ ಮಣ್ಣು

ಈ ತೋಟದ ಮಣ್ಣು ಬೆಟ್ಟದ್ದಲ್ಲ. ಇಳಿಜಾರಿನ ಬಂಡೆಯ ಮೇಲೆ ಮಣ್ಣು ನಿಲ್ಲುವುದೇ ಇಲ್ಲ. ಮೊದಲು ಸಿಮೆಂಟಿಲ್ಲದೆ, ಗಾರೆಯಿಲ್ಲದೆ, ಕಲ್ಲಿಗೆ ಕಲ್ಲು ಕಚ್ಚಿಸಿ ಕಟ್ಟೆ ಕಟ್ಟಿದರು. ಕಟ್ಟೆಯ ಹಿಂದೆ ಜಲ್ಲಿ ತುಂಬಿದರು. ಅದರ ಮೇಲೆ ವಾದಿಗಳಲ್ಲಿ, ಎಂದರೆ ಮಳೆಗಾಲದಲ್ಲಷ್ಟೇ ಹರಿಯುವ ಹಳ್ಳಗಳಲ್ಲಿ, ತಂಗಿದ ಮೆಕ್ಕಲು ಮಣ್ಣನ್ನು ಹೊತ್ತು ತಂದು ಸುರಿದರು. ವರ್ಷ ವರ್ಷ ಆಡಿನ ಗೊಬ್ಬರ, ಕತ್ತೆಯ ಗೊಬ್ಬರ ಸೇರಿಸಿದರು. ಒಂದು ಅಂಗೈ ಅಗಲದ ಮಣ್ಣೂ ಯಾರದೋ ಬೆನ್ನಿನ ಮೇಲೆ ಬಂದದ್ದು.

ಗಾರೆ ಹಾಕದೆ ಕಟ್ಟಿದ್ದು ಬಡತನದಿಂದ ಎಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಅದರಲ್ಲೇ ಜಾಣತನವಿದೆ. ಇದೇ ಪರ್ವತಸಾಲಿನ ಬಲದ್ ಸೀತ್ ಎಂಬ ಹಳ್ಳಿಯ ಮೆಟ್ಟಿಲು ತೋಟಗಳ ಮಣ್ಣನ್ನು ವಿಜ್ಞಾನಿಗಳು ಪರೀಕ್ಷಿಸಿದ್ದಾರೆ. ಬಿಸಿಲ ನಾಡಿನಲ್ಲಿ ನೀರಾವರಿ ಮಾಡಿದರೆ ನೀರು ಆವಿಯಾಗಿ ಉಪ್ಪು ಮಣ್ಣಿನಲ್ಲೇ ಉಳಿಯುತ್ತದೆ. ಕ್ರಮೇಣ ನೆಲ ಬಂಜೆಯಾಗುತ್ತದೆ. ಒಮಾನಿನ ಬಾತಿನಾ ಕರಾವಳಿಯಲ್ಲಿ ಬೋರ್‌ವೆಲ್ ನೀರು ಅತಿಯಾಗಿ ಎತ್ತಿ, ಸಮುದ್ರದ ನೀರು ಒಳನುಗ್ಗಿ, ಎಷ್ಟೋ ತೋಟಗಳು ಉಪ್ಪಾಗಿವೆ. ಆದರೆ ಶತಮಾನಗಳಿಂದ ನೀರುಂಡ ಈ ಬೆಟ್ಟದ ಮೆಟ್ಟಿಲುಗಳಲ್ಲಿ ಉಪ್ಪು ಕೂತಿಲ್ಲ. ಕಾರಣ, ಹೆಚ್ಚಾದ ನೀರು ಮಣ್ಣಿನೊಳಗಿಂದ ಬಸಿದು, ಉಪ್ಪನ್ನೂ ತೊಳೆದುಕೊಂಡು ಹೊರಗೆ ಹೋಗುತ್ತದೆ.

ನಮ್ಮ ಬಾಲ್ಕನಿ ಕುಂಡಗಳ ಅಂಚಿನಲ್ಲಿ ಬಿಳಿ ಪುಡಿ ಕಟ್ಟುತ್ತದಲ್ಲ, ಅದೂ ಇದೇ ರೋಗ. ಅಂಗಡಿಯ ಗೊಬ್ಬರ ಹಾಕುತ್ತೇವೆ, ಚೂರು ಚೂರು ನೀರು ಚಿಮುಕಿಸುತ್ತೇವೆ, ಕೆಳಗಿನ ಮನೆಯವರು ಬೈಯುತ್ತಾರೆಂದು ಕುಂಡದ ತೂತು ಮುಚ್ಚುತ್ತೇವೆ. ಉಪ್ಪು ಹೋಗುವುದೆಲ್ಲಿಗೆ? ಔಷಧಿ ದೇಹಕ್ಕೆ ಹೋಗುವ ದಾರಿಯಷ್ಟೇ ಮುಖ್ಯ ಅದು ಹೊರಗೆ ಹೋಗುವ ದಾರಿ ಎಂದು ನಮಗೆ ಡಿಪ್ಲೊಮಾ ಮೊದಲ ವರ್ಷದಲ್ಲೇ ಕಲಿಸಿದ್ದರು. ಈ ಬೆಟ್ಟದ ರೈತರಿಗೆ ಅದು ಮೊದಲೇ ಗೊತ್ತಿತ್ತು.

ನೀರಿಗೆ ಗಡಿಯಾರ

ಮಣ್ಣು ಹೊತ್ತು ತರಬಹುದು, ನೀರು? ಒಮಾನಿನ ಉತ್ತರವೇ ಫಲಜ್. ಬಹುವಚನದಲ್ಲಿ ಅಫ್ಲಾಜ್. ಇವುಗಳಲ್ಲಿ ಮೂರು ಬಗೆ. ಬೆಟ್ಟದ ಬುಡದ ಅಂತರ್ಜಲಕ್ಕೆ ತಾಯಿಬಾವಿ ತೋಡಿ, ಅಲ್ಲಿಂದ ನೆಲದೊಳಗೆ ಸಣ್ಣ ಇಳಿಜಾರಿನ ಸುರಂಗ ಕೊರೆದು ಊರಿಗೆ ನೀರು ತರುವುದು ದಾವೂದಿ. ವಾದಿಯ ಹರಿವಿನಿಂದ ತೆಗೆದ ಕಾಲುವೆ ಗೈಲಿ. ಚಿಲುಮೆಯಿಂದ ನೇರ ಬರುವುದು ಐನಿ. ಸುಲೈಮಾನ್ ಬಿನ್ ದಾವೂದ್, ಎಂದರೆ ಸೊಲೊಮನ್ ರಾಜ, ಒಮಾನಿಗೆ ಬಂದಾಗ ಜಿನ್ನಿಗಳಿಗೆ ಹೇಳಿ ಹತ್ತು ದಿನದಲ್ಲಿ ಹತ್ತು ಸಾವಿರ ಕಾಲುವೆ ತೋಡಿಸಿದ ಎಂಬುದು ಜನಪದ ಕಥೆ. ನಮ್ಮಲ್ಲಿ ದೊಡ್ಡ ಕಲ್ಲು ಕಂಡಲ್ಲೆಲ್ಲ ಭೀಮನ ಹೆಸರು ಹೇಳುವ ಹಾಗೆ.

ಯುನೆಸ್ಕೊ 2006ರಲ್ಲಿ ಒಮಾನಿನ ಐದು ಅಫ್ಲಾಜ್‌ಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ನಾವು ಬುಡದಲ್ಲಿ ನೋಡಿದ ಅಲ್ ಖತ್ಮೈನ್, ನಿಜ್ವಾದ ದಾರಿಸ್, ಇಜ್ಕಿಯ ಅಲ್ ಮಲ್ಕಿ ಅವುಗಳಲ್ಲಿ ಮೂರು. ಈಗಲೂ ಸುಮಾರು 3,000 ಅಫ್ಲಾಜ್ ಬಳಕೆಯಲ್ಲಿವೆ ಎಂದು ಯುನೆಸ್ಕೊ ದಾಖಲೆ ಹೇಳುತ್ತದೆ. ಈ ವ್ಯವಸ್ಥೆ ಕ್ರಿ.ಶ. 500ರ ಹೊತ್ತಿಗೆ ಹುಟ್ಟಿರಬಹುದು. ಆದರೆ ಈ ಒಣನಾಡಿನಲ್ಲಿ ನೀರಾವರಿ ಕ್ರಿ.ಪೂ. 2500ರಷ್ಟು ಹಿಂದೆಯೇ ಇತ್ತು ಎನ್ನುವುದಕ್ಕೆ ಉತ್ಖನನದ ಆಧಾರಗಳಿವೆ.

ಕಾಲುವೆಗಿಂತ ನನ್ನನ್ನು ಹೆಚ್ಚು ಹಿಡಿದದ್ದು ಹಂಚಿಕೆಯ ಲೆಕ್ಕ. ನೀರು ಊರಿಗೆ ಬಂದೊಡನೆ ಮೊದಲು ಕುಡಿಯಲು. ಅಲ್ಲಿ ಯಾರೂ ಕೈ ತೊಳೆಯುವಂತಿಲ್ಲ. ಆಮೇಲೆ ಮಸೀದಿ, ಸ್ನಾನ, ಬಟ್ಟೆ. ಕೊನೆಗೆ ತೋಟ. ತೋಟದ ನೀರಿನ ಪಾಲು ಅಳತೆಯಿಂದಲ್ಲ, ಹೊತ್ತಿನಿಂದ. ಒಂದು ಅಥರ್ ಎಂದರೆ ಸುಮಾರು ಅರ್ಧ ಗಂಟೆ. ಹಗಲು ನೆಟ್ಟ ಕೋಲಿನ ನೆರಳು ಗಡಿಯಾರ; ರಾತ್ರಿ ನಕ್ಷತ್ರಗಳು. ಗೊತ್ತಾದ ನಕ್ಷತ್ರ ಬೆಟ್ಟದ ನೆತ್ತಿಯಲ್ಲಿ ಮೂಡಿತೆಂದರೆ ಒಬ್ಬನ ಪಾಲು ಮುಗಿದು ಇನ್ನೊಬ್ಬನ ಪಾಲು ಶುರು. ಕಾಲುವೆಯ ಮೇಲ್ವಿಚಾರಣೆಗೆ ವಕೀಲ್, ಹಂಚಿಕೆಗೆ ಅರೀಫ್, ಲೆಕ್ಕಕ್ಕೆ ಅಮೀನ್. ಕೆಲವು ಅಥರ್‌ಗಳನ್ನು ಕಾಲುವೆಯ ಹೆಸರಿನಲ್ಲೇ ಇಟ್ಟು, ಅದನ್ನು ಹರಾಜು ಹಾಕಿ, ಬಂದ ಹಣವನ್ನು ದುರಸ್ತಿಗೆ ಬಳಸುತ್ತಾರೆ. ಜೆ. ಸಿ. ವಿಲ್ಕಿನ್ಸನ್ ಎಂಬ ವಿದ್ವಾಂಸರು 1977ರಲ್ಲಿ ಅಫ್ಲಾಜ್ ಬಗ್ಗೆ ಇಡೀ ಒಂದು ಪುಸ್ತಕ ಬರೆದು, ನೀರಿನ ಈ ಒಪ್ಪಂದವೇ ಊರುಗಳನ್ನು ಕಟ್ಟಿದ ಬಗೆಯನ್ನು ವಿವರಿಸಿದ್ದಾರೆ. ರಾಜರು ಬಂದರು, ಹೋದರು. ಅಥರ್ ಲೆಕ್ಕ ಮಾತ್ರ ಉಳಿಯಿತು.

ಬೆಟ್ಟದ ಮೇಲಿನ ಹಳ್ಳಿಗಳಿಗೆ ಚಿಲುಮೆಯೇ ಆಸರೆ. ರಾತ್ರಿಯ ನೀರು ತೊಟ್ಟಿಯಲ್ಲಿ ತುಂಬುತ್ತದೆ. ಬೆಳಗ್ಗೆ ತೂಬು ತೆಗೆದರೆ ಮೇಲಿನ ಮೆಟ್ಟಿಲಿನಿಂದ ಕೆಳಗಿನ ಮೆಟ್ಟಿಲಿಗೆ ಇಳಿಯುತ್ತದೆ. ಕಾಲುವೆಯ ಕವಲಿನಲ್ಲಿ ಒಂದು ಕಲ್ಲು, ಒಂದು ಹಳೆಯ ಬಟ್ಟೆಯ ಉಂಡೆ. ಅದನ್ನು ತೆಗೆದರೆ ಈ ತೋಟ, ಹಾಕಿದರೆ ಆ ತೋಟ.

ಹೂವಿಗೆ ನೀರಿನ ಹೆಸರು

ನಾವು ಹೋದದ್ದು ಗುಲಾಬಿಯ ಕಾಲ. ಮಾರ್ಚ್ ಕೊನೆಯಿಂದ ಮೇ ತನಕ ಹೂ ಕೊಯ್ಲು. ತೆಳು ಕೆಂಪಿನ ಡಮಾಸ್ಕಸ್ ಗುಲಾಬಿ. ಬಿಸಿಲೇರುವ ಮುಂಚೆ ಕೊಯ್ಯಬೇಕು, ಇಲ್ಲವಾದರೆ ಪರಿಮಳ ಹಾರಿಹೋಗುತ್ತದೆ.

ಒಂದು ಮನೆಯಲ್ಲಿ ಪನ್ನೀರು ಇಳಿಸುವುದನ್ನು ತೋರಿಸಿದರು. ಮಣ್ಣಿನ ಒಲೆಯ ಸಾಲಿಗೆ ದುಹ್ಜಾನ್ ಎನ್ನುತ್ತಾರೆ. ಒಲೆಯೊಳಗೆ ಮಡಕೆ, ಮಡಕೆಯಲ್ಲಿ ಹೂವಿನ ಎಸಳು, ಒಳಗೊಂದು ಸಣ್ಣ ಪಾತ್ರೆ, ಮೇಲೆ ತಣ್ಣೀರು ತುಂಬಿದ ತಾಮ್ರದ ಪಾತ್ರೆಯ ಮುಚ್ಚಳ. ಆವಿ ಮೇಲೇರಿ ತಣ್ಣನೆಯ ತಾಮ್ರದ ತಳಕ್ಕೆ ತಾಗಿ, ಹನಿಯಾಗಿ ಒಳಗಿನ ಪಾತ್ರೆಗೆ ಬೀಳುತ್ತದೆ. ನಾನು ಕಾಲೇಜಿನಲ್ಲಿ ಗಾಜಿನ ಕಂಡೆನ್ಸರ್ ಇಟ್ಟು ಮಾಡಿದ್ದೂ ಇದೇ. ಅರಬ್ ವಿದ್ವಾಂಸ ಅಲ್ ಕಿಂದಿ 9ನೇ ಶತಮಾನದಲ್ಲೇ ಸುಗಂಧ ಇಳಿಸುವ ವಿಧಾನಗಳ ಬಗ್ಗೆ ಗ್ರಂಥ ಬರೆದಿದ್ದ. ಒಲೆಯಲ್ಲಿ ಇಳಿಸಿದ ಜಬಲ್ ಅಖ್ದರ್ ಪನ್ನೀರಿಗೆ ಸ್ವಲ್ಪ ಹೊಗೆಯ ವಾಸನೆ, ಕಂದು ಬಣ್ಣ. ಈಚೆಗೆ ಸ್ಟೀಲಿನ ಯಂತ್ರಗಳೂ ಬಂದಿವೆ. ಅವುಗಳ ಪನ್ನೀರು ತಿಳಿಯಾಗಿರುತ್ತದೆ.

ಒಂದು ಮಾತು ಹೇಳಿದರೆ ನಿಮಗೂ ಖುಷಿಯಾದೀತು. ಪಾರ್ಸಿ ಭಾಷೆಯಲ್ಲಿ ಗುಲ್ ಎಂದರೆ ಹೂ, ಆಬ್ ಎಂದರೆ ನೀರು. ಗುಲಾಬ್ ಎಂದರೆ ಪನ್ನೀರು. ನಮ್ಮ ಕಡೆ ಬರುವಷ್ಟರಲ್ಲಿ ನೀರಿನ ಹೆಸರು ಹೂವಿಗೇ ಅಂಟಿ ಗುಲಾಬಿಯಾಯಿತು. ಅದೇ ಪದ ಅರಬ್ಬಿಗೆ ಹೋಗಿ ಜುಲಾಬ್ ಆಗಿ, ಯುರೋಪಿಗೆ ಹೋಗಿ ಜೂಲೆಪ್ ಆಯಿತು. ಕಹಿ ಔಷಧಿಯನ್ನು ಕುಡಿಸಲು ಬೆರೆಸುವ ಸಿಹಿ ಪಾನಕ ಎಂಬ ಅರ್ಥದಲ್ಲಿ ಹಳೆಯ ಔಷಧಿ ಪುಸ್ತಕಗಳಲ್ಲಿದೆ. ಡಿಪ್ಲೊಮಾ ಲ್ಯಾಬಿನಲ್ಲಿ ನಾವು ಜೇನುಮೇಣ, ಬೊರಾಕ್ಸ್, ಪನ್ನೀರು ಸೇರಿಸಿ ಕೋಲ್ಡ್ ಕ್ರೀಮ್ ತಿರುವುತ್ತಿದ್ದೆವು. ಮದುವೆ ಮನೆಯ ಬಾಗಿಲಲ್ಲಿ ನಮ್ಮ ಮೇಲೆ ಚಿಮುಕಿಸುತ್ತಿದ್ದ ಪನ್ನೀರಿನ ಹಿಂದೆ ಇಷ್ಟು ದೂರದ ಪಯಣವಿದೆ ಎಂದು ಆಗ ಯಾರಿಗೆ ಗೊತ್ತಿತ್ತು?

ಬೆಟ್ಟ ಬಿಟ್ಟು ಹೋದವರು

ಮಧ್ಯಾಹ್ನ ಶರೈಜಾದ ತೋಟದ ದಾರಿಯಲ್ಲಿ ಕುಮ್ಮಾ ಟೋಪಿ ಹಾಕಿದ ಅಜ್ಜನೊಬ್ಬರು ನಮ್ಮನ್ನು ಕರೆದು ಕಹ್ವಾ ಕೊಟ್ಟರು, ಖರ್ಜೂರ ಕೊಟ್ಟರು. ಅವರಿಗೆ ಹಿಂದಿ ಅರ್ಧಂಬರ್ಧ ಬರುತ್ತಿತ್ತು, ನಮಗೆ ಅರಬ್ಬಿ ಅರ್ಧಂಬರ್ಧ. ಹುಡುಗನಾಗಿದ್ದಾಗ ಅವರು ಬೆಟ್ಟ ಇಳಿದು ಬಹರೇನಿಗೆ ಕೂಲಿಗೆ ಹೋಗಿದ್ದರಂತೆ. ಒಮಾನಿಯೊಬ್ಬ ಗಲ್ಫಿಗೆ ಕೂಲಿಗೆ ಹೋಗುವುದು! ನಮಗೆ ಆಶ್ಚರ್ಯವಾಯಿತು.

ಚರಿತ್ರೆ ಓದಿದಾಗ ಆಶ್ಚರ್ಯ ಉಳಿಯಲಿಲ್ಲ. 19ನೇ ಶತಮಾನದಲ್ಲಿ ದೊರೆ ಸಯ್ಯದ್ ಸಯೀದ್ ತನ್ನ ಆಸ್ಥಾನವನ್ನೇ ಜಂಜಿಬಾರಿಗೆ ಸಾಗಿಸಿದ್ದ; ಒಳನಾಡಿನ ಎಷ್ಟೋ ಕುಟುಂಬಗಳು ಹೊಟ್ಟೆಪಾಡಿಗೆ ಪೂರ್ವ ಆಫ್ರಿಕಾಕ್ಕೆ ಹೋದವು. 1957ರಿಂದ 1959ರವರೆಗೆ ಜಬಲ್ ಅಖ್ದರ್‌ನಲ್ಲಿ ಯುದ್ಧ ನಡೆಯಿತು. ಬ್ರಿಟಿಷ್ ವಿಮಾನಗಳ ಬಾಂಬಿಗೆ ಹಳ್ಳಿಗಳೂ ನೀರಿನ ಕಾಲುವೆಗಳೂ ಸಿಕ್ಕವು. ಒಮಾನ್ ಎಣ್ಣೆ ರಫ್ತು ಮಾಡಲು ಶುರುಮಾಡಿದ್ದೇ 1967ರಲ್ಲಿ. ಅದಕ್ಕೂ ಮೊದಲೇ ಎಣ್ಣೆ ಸಿಕ್ಕ ಕುವೈತ್, ಬಹರೇನ್, ಸೌದಿಗಳಿಗೆ ಒಮಾನಿ ಯುವಕರು ಕೆಲಸ ಹುಡುಕಿ ಹೋಗುತ್ತಿದ್ದರು. 1970ರ ಜುಲೈ 23ರಂದು ಸುಲ್ತಾನ್ ಖಾಬೂಸ್ ಪಟ್ಟಕ್ಕೆ ಬಂದ ಮೇಲೆ ಶಾಲೆ, ಆಸ್ಪತ್ರೆ, ರಸ್ತೆಗಳಾದವು. ಹೊರಗೆ ಹೋದವರಲ್ಲಿ ಅನೇಕರು ಮರಳಿದರು. ಆದರೆ ಮರಳಿದವರ ಮಕ್ಕಳು ಓದಿ ಮಸ್ಕತ್ತಿನ ಆಫೀಸು ಸೇರಿದರು. ಡೀಸೆಲ್ ಪಂಪು ಬಂದು ಅಂತರ್ಜಲ ಇಳಿದು ಕೆಲವು ಅಫ್ಲಾಜ್ ಬತ್ತಿದವು. ತಾಯಿಬಾವಿಯ ಆಸುಪಾಸಿನಲ್ಲಿ ಹೊಸ ಬಾವಿ ತೋಡದಂತೆ ಸರ್ಕಾರ ಕಾನೂನು ತರಬೇಕಾಯಿತು.

ಪಕ್ಕದ ವಾದಿ ಬನಿ ಹಬೀಬ್‌ನಲ್ಲಿ ಹಳೆಯ ಮಣ್ಣಿನ ಮನೆಗಳು ಖಾಲಿ ನಿಂತಿವೆ. ನಾವು ಹೋದ ತೋಟದಲ್ಲೂ ಕೆಲವು ಮೆಟ್ಟಿಲುಗಳು ಒಣಗಿದ್ದವು. ಒಂದು ಕಡೆ ಕಟ್ಟೆ ಬಾಯಿ ಬಿಟ್ಟು ಮಣ್ಣು ಕೆಳಗೆ ಜಾರಿತ್ತು. ಅದನ್ನು ಕಟ್ಟುತ್ತಿದ್ದವನು ಬಾಂಗ್ಲಾದೇಶದ ಹುಡುಗ. ಅಜ್ಜ ಕೋಲು ಊರಿ ನಿಂತು, ಯಾವ ಕಲ್ಲು ಎಲ್ಲಿ ಕೂರಬೇಕೆಂದು ಹೇಳುತ್ತಿದ್ದರು. ಹುಡುಗ ಇಟ್ಟ ಕಲ್ಲನ್ನು ಎರಡು ಸಲ ತೆಗೆಸಿದರು, ಮೂರನೆಯ ಸಲ ತಲೆಯಾಡಿಸಿದರು.

ನನ್ನ ಕಡೆ ತಿರುಗಿ ಕೇಳಿದರು: "ನಿಮ್ಮೂರಲ್ಲಿ ತೋಟ ಇದೆಯಾ?"

"ಇದೆ. ಹೀಗೇ ಗುಡ್ಡದ ಮೇಲೆ."

"ಕಟ್ಟೆ ಯಾರು ಕಟ್ಟುತ್ತಾರೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ.

ನಮ್ಮ ಗುಡ್ಡದ ಸುರಂಗ

ನಮ್ಮ ಮನೆ ವಿಟ್ಲದ ಕಡೆ. ದಕ್ಷಿಣ ಕನ್ನಡ, ಕಾಸರಗೋಡು ಗಡಿಯ ಈ ಗುಡ್ಡಗಳಲ್ಲಿ ಬಾವಿಗಿಂತ ಸುರಂಗ ಹೆಚ್ಚು. ಮುರಕಲ್ಲಿನ ಗುಡ್ಡದ ಹೊಟ್ಟೆಗೆ ಅಡ್ಡಲಾಗಿ, ಒಬ್ಬ ಮನುಷ್ಯ ನಡೆಯುವಷ್ಟು ಎತ್ತರಕ್ಕೆ ಪಿಕ್ಕಾಸಿನಿಂದ ಕೊರೆಯುವುದು. ಒರತೆ ಸಿಕ್ಕಿದರೆ ನೀರು ತಾನಾಗಿ ಹರಿದು ಬರುತ್ತದೆ. ಅಡಿಕೆ ದಂಬೆಯಲ್ಲಿ ಅದನ್ನು ತಂದು ಕೆರೆಗೆ ಬಿಟ್ಟು, ತಟ್ಟು ತಟ್ಟಾಗಿ ಮಾಡಿದ ಅಡಿಕೆ ತೋಟಕ್ಕೆ ಇಳಿಸುತ್ತಾರೆ. ಕರೆಂಟ್ ಬೇಡ, ಪಂಪು ಬೇಡ. ಫಲಜ್ ಕಂಡ ಯಾವ ವಿಟ್ಲದವನಿಗೂ ಸುರಂಗ ನೆನಪಾಗದೆ ಇರದು. ಅರಬ್, ಪರ್ಷಿಯಾ ವ್ಯಾಪಾರಿಗಳ ಜೊತೆ ಈ ವಿದ್ಯೆ ನಮ್ಮ ಕರಾವಳಿಗೆ ಬಂದಿರಬಹುದು ಎನ್ನುವ ವಿದ್ವಾಂಸರಿದ್ದಾರೆ. ಅಲ್ಲ, ಮುರಕಲ್ಲಿನ ಗುಡ್ಡವೇ ನಮ್ಮವರಿಗೆ ಕಲಿಸಿದ್ದು ಎನ್ನುವವರೂ ಇದ್ದಾರೆ. ವಿದ್ಯೆ ಎಲ್ಲಿಂದ ಬಂದರೂ ಬೆವರು ಮಾತ್ರ ನಮ್ಮವರದೇ.

ಅಡ್ಯನಡ್ಕದ ಹತ್ತಿರ ಕೇಪು ಗ್ರಾಮದ ಅಮೈ ಮಹಾಲಿಂಗ ನಾಯ್ಕರ ಹೆಸರು ನೀವು ಕೇಳಿರಬಹುದು. ಅಡಿಕೆ, ತೆಂಗಿನ ಮರ ಹತ್ತುವ ಕೂಲಿಯಾಗಿದ್ದ ಅವರಿಗೆ ಭೂಮಾಲೀಕರೊಬ್ಬರು ಎರಡು ಎಕರೆ ಬೋಳು ಗುಡ್ಡ ಕೊಟ್ಟರು. ಹಗಲು ಕೂಲಿ, ಉಳಿದ ಹೊತ್ತು ಒಬ್ಬರೇ ಸುರಂಗ ಕೊರೆತ. ಒಂದಾದ ಮೇಲೊಂದು ಐದು ಸುರಂಗ ಕೊರೆದರೂ ನೀರು ಸಿಗಲಿಲ್ಲ. ಆದರೂ ಕೊರೆದರು, ನೀರು ಬಂತು. ಕಲ್ಲು ಹೊತ್ತು ತಂದು ಕಟ್ಟೆ ಕಟ್ಟಿ, ತಟ್ಟು ಮಾಡಿ, ಅಡಿಕೆ, ತೆಂಗು, ಬಾಳೆ, ಕಾಳುಮೆಣಸು ಬೆಳೆದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಜಬಲ್ ಅಖ್ದರ್‌ನ ಮೊದಲ ಕಟ್ಟೆ ಕಟ್ಟಿದವನ ಹೆಸರು ಯಾವ ಶಾಸನದಲ್ಲೂ ಇಲ್ಲ. ಅವನು ಹೇಗಿದ್ದಿರಬಹುದು ಎಂದು ಯೋಚಿಸಿದಾಗ ನನಗೆ ನಾಯ್ಕರೇ ಕಣ್ಣಮುಂದೆ ಬರುತ್ತಾರೆ.

ನಮ್ಮ ಮನೆಯ ಸುರಂಗ ಅಜ್ಜನ ಕಾಲದ್ದು. ಅಪ್ಪ ಇರುವಾಗ ವರ್ಷಕ್ಕೊಮ್ಮೆ ಒಳಗೆ ಹೋಗಿ ಕುಸಿದ ಮಣ್ಣು ತೆಗೆಯುತ್ತಿದ್ದರು. ಬಾಗಿಲಲ್ಲಿ ಬುಟ್ಟಿ ಹಿಡಿದು ನಿಲ್ಲುವ ಕೆಲಸ ಅಣ್ಣನದು ಮತ್ತು ನನ್ನದು. ನಾನು ಇಲ್ಲಿಗೆ ಬಂದ ಮೇಲೆ, ನಾನೇ ಕಳಿಸಿದ ದುಡ್ಡಿನಲ್ಲಿ ಬೋರ್‌ವೆಲ್ ಹಾಕಿಸಿದೆವು. ಅಣ್ಣನಿಗೆ ಹಗುರವಾಗಲಿ ಎಂದೇ ಹಾಕಿಸಿದ್ದು. ಅಲ್ಲಿಂದ ಸುರಂಗದ ಕಡೆ ಯಾರೂ ಹೋಗಲಿಲ್ಲ. ಕಳೆದ ಮಳೆಗಾಲದಲ್ಲಿ ಮೂರನೇ ತಟ್ಟಿನ ಕಟ್ಟೆ ಜರಿದು ಹದಿನೈದು ಅಡಿಕೆ ಮರ ಕೆಳಗೆ ಬಂದವು. ಜೆಸಿಬಿ ತರಿಸಿ ಸಮತಟ್ಟು ಮಾಡಿ ರಬ್ಬರ್ ಹಾಕುವ ಎಂದು ಅಣ್ಣ ಹೇಳಿದಾಗ ನನಗೆ ಸಿಟ್ಟು ಬಂತು. "ದುಡ್ಡು ಎಷ್ಟು ಬೇಕು ಹೇಳಣ್ಣ, ಕಳಿಸ್ತೇನೆ, ಕಟ್ಟೆ ಕಟ್ಟಿಸು" ಎಂದೆ. ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: "ನೀನು ದುಡ್ಡು ಕಳಿಸ್ತಿ ಮಾರಾಯ. ದುಡ್ಡು ಕಲ್ಲು ಹೊರುದಿಲ್ಲ."

ಆ ಮಾತಿಗೆ ಆಗ ಬೇಸರ ಮಾಡಿಕೊಂಡು ಫೋನ್ ಇಟ್ಟಿದ್ದೆ. ಶರೈಜಾದ ಅಜ್ಜ ಕೇಳಿದ ಪ್ರಶ್ನೆಯ ಮುಂದೆ ನಿಂತಾಗ ಅಣ್ಣ ಹೇಳಿದ್ದು ಸರಿ ಎಂದು ಗೊತ್ತಾಯಿತು. ಮೆಟ್ಟಿಲು ತೋಟವನ್ನು ಒಮ್ಮೆ ಕಟ್ಟಿ ಮುಗಿಸುವುದೆಂಬುದಿಲ್ಲ. ಸಾವಿರ ವರ್ಷದ ತೋಟ ಎಂದರೆ ಸಾವಿರ ಮಳೆಗಾಲದ ನಂತರವೂ ಯಾರೋ ಬಿದ್ದ ಕಲ್ಲನ್ನು ಎತ್ತಿ ಇಟ್ಟಿದ್ದಾರೆ ಎಂದರ್ಥ. ಒಂದು ತಲೆಮಾರು ಕೈಬಿಟ್ಟರೆ ಮಣ್ಣು ವಾದಿಗೆ ಮರಳುತ್ತದೆ. ಇನ್ನೊಂದು ಮಾತೂ ಇದೆ. ಅಜ್ಜ ಬಹರೇನಿಗೆ ಹೋಗಿಯೂ ಯಾವ ಕಲ್ಲು ಎಲ್ಲಿ ಕೂರಬೇಕೆಂಬುದನ್ನು ಮರೆತಿರಲಿಲ್ಲ. ಊರು ಬಿಡುವುದು ತಪ್ಪಲ್ಲ. ಕೈಗೆ ಗೊತ್ತಿದ್ದದ್ದನ್ನು ಮುಂದಿನವರಿಗೆ ತೋರಿಸದೆ ಇರುವುದು ತಪ್ಪು.

ಮುಂದಿನ ವರ್ಷದ ರಜೆಯನ್ನು ನಾನು ಡಿಸೆಂಬರ್‌ನಿಂದ ಏಪ್ರಿಲ್‌ಗೆ ಬದಲಾಯಿಸಿಕೊಂಡಿದ್ದೇನೆ. ಮಳೆ ಬರುವ ಮುಂಚೆ ಸುರಂಗದ ಬಾಯಿ ಬಿಡಿಸಬೇಕು. ಅಣ್ಣನಿಗೆ ಹೇಳಿದೆ. "ಬಾ, ಬುಟ್ಟಿ ಹಿಡಿಯುವ ಕೆಲಸ ನಿನ್ನದೇ" ಎಂದ. ಮಕ್ಕಳನ್ನೂ ಕರೆದುಕೊಂಡು ಹೋಗುತ್ತೇನೆ. ರಬ್ಬರಿನ ಮಾತು ಇನ್ನೂ ಮುಗಿದಿಲ್ಲ. ಆ ಬಗ್ಗೆ ಅಲ್ಲಿಯೇ ಕೂತು ಮಾತಾಡಬೇಕು.

ಓದುಗ ಮಿತ್ರರೇ, ನೀವೂ ಒಮ್ಮೆ ಜಬಲ್ ಅಖ್ದರ್‌ಗೆ ಹೋಗಿಬನ್ನಿ. ಗುಲಾಬಿಗಾದರೆ ಏಪ್ರಿಲ್, ದಾಳಿಂಬೆಗಾದರೆ ಆಗಸ್ಟ್‌ನ ನಂತರ. ಕಾಲುದಾರಿಯಲ್ಲೇ ನಡೆಯಿರಿ, ಕಲ್ಲುಕಟ್ಟೆಯ ಮೇಲೆ ಕಾಲಿಡಬೇಡಿ, ಒಂದು ಕಲ್ಲು ಸಡಿಲವಾದರೂ ಅದು ಯಾರದೋ ಒಂದು ದಿನದ ದುಡಿಮೆ. ಫಲಜ್ ನೀರಿಗೆ ಕಾಲು ಇಳಿಬಿಡಬೇಡಿ, ಅದರ ಪ್ರತಿ ಅರ್ಧ ಗಂಟೆಗೂ ಒಬ್ಬ ಒಡೆಯನಿದ್ದಾನೆ. ತೋಟ ನೋಡಿಕೊಳ್ಳುವವರು ಎದುರಾದರೆ ಸಲಾಂ ಹೇಳಿ. ಮತ್ತೆ, ಮನೆಗೆ ಬಂದ ಮೇಲೆ ನಿಮ್ಮ ಬಾಲ್ಕನಿಯ ಕುಂಡದ ತೂತು ಬಿಡಿಸಿ.